ಲಾಳದ ಮೊಳೆಯಲ್ಲಿ ಬರೆದ ಹೆಸರು

ಮಕ್ಕಳೇ, ನಾನು ಚಿಕ್ಕವನಿದ್ದಾಗ ಮೊದಲ ಸಲ ಮೈಸೂರು ನೋಡಲು ಹೋಗಿ ವಾಕರಿಸಿಕೊಂಡೆ. ಅದಕ್ಕೆ ಕಾರಣ ಮೈಸೂರಲ್ಲ, ರೈಲಿಳಿದು ಅಪ್ಪ, ಅಕ್ಕ, ನಾನು ಹತ್ತಿದ ಜಟಕಾ. ಒದ್ದೆ ಹುಲ್ಲು, ಕುದುರೆಯ ಗಂಜಲ, ಹೊಗೆಸೊಪ್ಪು ಮೂರೂ ಸೇರಿದ ನಾತ ಮೂಗಿಗೆ ಅಡರಿತು. ಗಾಡಿ ಹೊಡೆಯುವವನು ಒಬ್ಬ ಮುದುಕ. ಬಾಯಿ ತುಂಬ ಎಲೆಅಡಿಕೆ. ಅವನ ಪಕ್ಕದಲ್ಲಿ ತುಕ್ಕು ಹಿಡಿದ ಡಬ್ಬವೊಂದು ನೇತಾಡುತ್ತಿತ್ತು. ನಾಲ್ಕು ಮಾರು ಹೋಗುವಷ್ಟರಲ್ಲಿ ಅವನು ಅದರೊಳಗೆ ಪಿಚಕ್ಕನೆ ಉಗುಳುತ್ತಿದ್ದ. ಗಾಡಿ ಕುಲುಕಿದಾಗಲೆಲ್ಲ ಒಳಗಿನ ಕೆಂಪು ನೀರು ತುಳುಕುತ್ತಿತ್ತು. ಥೂ! ಈಗ ನೆನೆಸಿಕೊಂಡರೂ ನನಗೆ ಊಟ ಸೇರುವುದಿಲ್ಲ.

ನಾವು ಕಡಕೊಳದ ಕಡೆಯ ಹಳ್ಳಿಯವರು, ಬೇಸಾಯದವರು. ಅಕ್ಕನಿಗೆ ಮದುವೆ ಗೊತ್ತಾಗಿತ್ತು. ಇನ್ನು ನಾಲ್ಕು ದಿನ ಕಳೆದರೆ ಅವಳು ದೂರದ ಊರಿಗೆ ಹೊರಟುಹೋಗುವವಳು. ಏನು ಬೇಕವ್ವ ಎಂದು ಅಪ್ಪ ಕೇಳಿದ್ದಕ್ಕೆ ಅವಳು ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ. ಜಗನ್ಮೋಹನ ಅರಮನೆಯಲ್ಲಿ ಒಂದು ಗಡಿಯಾರ ಇದೆಯಂತೆ, ಗಂಟೆ ಹೊಡೆಯುವಾಗ ಅದರಲ್ಲಿ ಗೊಂಬೆ ಸಿಪಾಯಿಗಳು ಸಾಲಾಗಿ ನಡೆಯುತ್ತಾರಂತೆ, ಅದೊಂದನ್ನು ನೋಡಬೇಕು ಎಂದಳು. ಸಂಜೆ ಮನೆಗೆ ಚಪ್ಪರ ಹಾಕುವವರು ಬರುವವರಿದ್ದರು. ಹಾಗಾಗಿ ಮಧ್ಯಾಹ್ನದ ರೈಲಿಗೇ ನಾವು ಹಿಂದಿರುಗಬೇಕಿತ್ತು.

ಮುದುಕ ನಾವು ಕೇಳದೆಯೇ ಬುದ್ಧಿ ಹೇಳತೊಡಗಿದ. “ಗೌಡ್ರೇ, ಒಂದೊಪ್ಪತ್ತಲ್ಲಿ ಮೈಸೂರ್ನೆಲ್ಲ ನೋಡ್ತೀನಿ ಅಂತ ಒಂಟ್ರೆ ಏನೂ ನೋಡ್ದಂಗಾಗಲ್ಲ. ಬಿಸ್ಲೇರಕ್ಕೆ ಮುಂಚೆ ಬೆಟ್ಟ ಅತ್ತಿ ಬಸವಣ್ಣನ್ನ ನೋಡ್ಬುಡಿ. ದೊಡ್ಡ ಅರಮನೆ ಆಚೆಯಿಂದ್ಲೇ ಸಾಕು. ಸರ್ಯಾಗಿ ಅನ್ನೆರಡಕ್ಕೆ ಗಡಿಯಾರದ ಮುಂದೆ ನಿಲ್ಲುಸ್ತೀನಿ. ಆದ್ರೆ ಒಂದ್ ಮಾತು. ಎಲ್ಲೋದ್ರೂ ಕಣ್ಣಲ್ಲಿ ನೋಡಿ, ಕೈಯಲ್ಲಿ ನೋಡ್ಬೇಡಿ.” ಹೀಗೆಂದವನೇ ಮತ್ತೆ ಡಬ್ಬಕ್ಕೆ ಉಗುಳಿದ. ಈ ಗಲೀಜು ಮನುಷ್ಯನಿಂದ ಬುದ್ಧಿಮಾತು ಬೇರೆ ಕೇಡು ಎಂದುಕೊಂಡು ನಾನು ಮೂಗು ಮುಚ್ಚಿಕೊಂಡೆ.

ಮೆಟ್ಟಿಲು ಹತ್ತಿ, ಎಣ್ಣೆ ಮಿಂದು ಕರ್ರಗೆ ಹೊಳೆಯುತ್ತಿದ್ದ ಬಸವಣ್ಣನಿಗೆ ಕೈಮುಗಿದು ಕೆಳಗಿಳಿದೆವು. ಬೆಟ್ಟದ ಪಾದದಲ್ಲಿ ಒಂದು ಹಳೆಯ ಕಲ್ಲು ಮಂಟಪವಿತ್ತು. ಅದರ ತಣ್ಣನೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಕಂಬಗಳ ಮೇಲೆಲ್ಲ ಬಂದುಹೋದವರು ಹೆಸರು ಕೆತ್ತಿದ್ದರು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಆಗಷ್ಟೇ ಹೆಸರು ಬರೆಯಲು ಕಲಿತಿದ್ದೆ. ಜಟಕಾ ನಿಂತಿದ್ದ ಜಾಗದಲ್ಲಿ ಬಿದ್ದಿದ್ದ ಲಾಳದ ಮೊಳೆಯೊಂದನ್ನು ಎತ್ತಿ ಚಡ್ಡಿ ಜೇಬಿಗೆ ಹಾಕಿಕೊಂಡಿದ್ದೆ.

“ನೀನೂ ಬರಿ ಮಗ. ನಮ್ಮನೇಲಿ ಅಕ್ಸರ ಕಲ್ತೋನು ನೀನೇ ಮೊದ್ಲು. ಕಲ್ಲಲ್ಲಿರ್ಲಿ” ಅಂದ ಅಪ್ಪ. ಅವನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾಲಗೆ ಕಚ್ಚಿಕೊಂಡು ಕಂಬದ ಮೇಲೆ ನನ್ನ ಹೆಸರು ಕೆರೆದೆ.

ನಮ್ಮನ್ನು ಕರೆಯಲು ಬಂದ ಮುದುಕ ಅದನ್ನು ನೋಡಿ ಅಲ್ಲೇ ನಿಂತ. ಅವನ ಡಬ್ಬ ನೋಡಿ ನನ್ನ ಮುಖ ಹೇಗೆ ಕಿವುಚಿಕೊಂಡಿತ್ತೋ ಅವನ ಮುಖವೂ ಹಾಗೇ ಕಿವುಚಿಕೊಂಡಿತು.

“ಥೂ! ಇಷ್ಟ್ ವರ್ಷದಿಂದ ಗಾಡಿ ಒಡೀತಿವ್ನಿ, ಈ ಊರ್ ನೆಲಕ್ಕೆ ಒಂದ್ ತೊಟ್ಟು ಉಗ್ದಿಲ್ಲ ಕಣ್ರೀ. ಅದ್ಕೇ ಆ ಡಬ್ಬ. ನೀವು ಬಂದ್ ಅರ್ಧ ದಿನುಕ್ಕೇ ಗಲೀಜ್ ಮಾಡ್ಬುಟ್ರಲ್ಲ! ಇದ್ನ ಅಳ್ಸೋಗಂಟ ನನ್ ಗಾಡಿ ಕದ್ಲಲ್ಲ.”

“ಒತ್ತಾಯ್ತದೆ, ಬುಟ್ಬುಡಯ್ಯ. ಬ್ಯಾರೇವ್ರೂ ಬರ್ದವ್ರಲ್ಲ” ಎಂದು ಅಪ್ಪ ಗೋಗರೆದ.

“ಅವ್ರು ನನ್ ಗಾಡೀಲಿ ಬಂದಿರ್ನಿಲ್ಲ.”

ಮೊದಲು ಎದ್ದವಳು ಅಕ್ಕ. ಇಟ್ಟಿಗೆ ಚೂರು ಹುಡುಕಿ ತಂದಳು. ಚೊಂಬಿನ ನೀರು ಸುರಿದು ಉಜ್ಜತೊಡಗಿದಳು. ಅಪ್ಪನೂ ಉಜ್ಜಿದ, ನಾನೂ ಉಜ್ಜಿದೆ. ಅಕ್ಕನ ಬೆರಳ ಗೆಣ್ಣು ಸುಲಿದು ರಕ್ತ ಒಸರಿತು. ಹೊತ್ತು ನೆತ್ತಿಯತ್ತ ಏರಿತು. ಕೊನೆಯ ಅಕ್ಷರವೊಂದು ಉಳಿದಿತ್ತು. ಅದನ್ನು ನಾನು ಎಷ್ಟು ದುಂಡಗೆ ಬರೆದಿದ್ದೆನೆಂದರೆ ಅಳಿಸಲು ಮನಸ್ಸೇ ಬರಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ನಿಂತು, “ಪೂರ್ತಿ ಓಯ್ತು” ಎಂದುಬಿಟ್ಟೆ.

ಮುದುಕ ಕುದುರೆಯನ್ನು ಓಡಿಸಿದ್ದೇ ಓಡಿಸಿದ್ದು. ಆದರೂ ನಾವು ಜಗನ್ಮೋಹನ ಅರಮನೆಯ ಒಳಗೆ ಕಾಲಿಡುವಾಗ ಹನ್ನೆರಡರ ಕೊನೆಯ ಪೆಟ್ಟು ಕೇಳಿಸಿತು. ಅಕ್ಕ ಸೆರಗು ಹಿಡಿದು ಓಡಿದಳು. ಗಡಿಯಾರದಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ. ಇನ್ನೊಂದು ಗಂಟೆ ಕಾದರೆ ರೈಲು ತಪ್ಪುತ್ತಿತ್ತು. ಅವಳು ಬಗ್ಗಿ ಗಡಿಯಾರದೊಳಗೆ ಸಿಪಾಯಿಗಳಿಗಾಗಿ ಹುಡುಕಿದಳು. ಆಮೇಲೆ ಸುಲಿದ ಕೈಯಿಂದಲೇ ನನ್ನ ಕೈ ಹಿಡಿದು, “ಬಾರೋ, ರೈಲು ಒಂಟೋಯ್ತದೆ” ಎಂದಳು. ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಆ ಮುದುಕನನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಬೈಯಲಿಲ್ಲ.

ನೀವು ನೋಡುವ ಮೈಸೂರೇ ಬೇರೆ, ಮಕ್ಕಳೇ. ಕಾರಿನ ಗಾಜು ಇಳಿಸುವುದೇ ಇಲ್ಲ, ಇಳಿಸಿದರೆ ಅದು ಚಿಪ್ಸಿನ ಕವರು ಎಸೆಯುವುದಕ್ಕೆ. ದಾರಿ ತೋರಿಸಲು ಫೋನಿದೆ, ಅದು ಯಾರಿಗೂ ಥೂ ಎನ್ನುವುದಿಲ್ಲ. ಮೊನ್ನೆ ಅದೇ ಫೋನಿನಲ್ಲಿ ಆ ಗಡಿಯಾರದ ವಿಡಿಯೊ ಹುಡುಕಿ ಅಕ್ಕನಿಗೆ, ಅಂದರೆ ನಿಮ್ಮ ದೊಡ್ಡಜ್ಜಿಗೆ, ತೋರಿಸಿದಿರಿ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಳು. “ಸಿಪಾಯ್ಗಳು ಇಷ್ಟ್ ಚಿಕ್ಕವಾ? ನಾನ್ ದೊಡ್ಡವು ಅನ್ಕಂಡಿದ್ದೆ ಕಣೋ” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, “ಆವತ್ತು ಎಸ್ರು ಪೂರ್ತಿ ಅಳ್ಸುದ್ಯೇನೋ?” ಎಂದು ಕೇಳಿದಳು.

ಅಳಿಸಿದ್ದೆ ಎಂದೆ. ಆ ಮುದುಕನ ಡಬ್ಬಕ್ಕಿಂತ ನನ್ನ ಬಾಯೇ ಹೊಲಸು ಅನ್ನಿಸಿತು.

ನಾಳೆ ಅಕ್ಕನ ಮುಂದೆ ಕೂತು ನಿಜ ಹೇಳುತ್ತೇನೆ, ನೀವೂ ಬನ್ನಿ. ಹೋದ ಭಾನುವಾರ ಅದೇ ಮಂಟಪದಲ್ಲಿ, ಕಂಬದ ಮೇಲೆ ಹೆಸರು ಬರೆಯಲು ಹೊರಟ ನಿಮ್ಮ ಕೈಯಿಂದ ಕಿತ್ತುಕೊಂಡ ಕಪ್ಪು ಮಾರ್ಕರನ್ನು ಮಾತ್ರ ವಾಪಸ್ ಕೇಳಬೇಡಿ.