ಮೆಳ್ಳೆಗಣ್ಣಿನ ಬೀದಿ

ನಮ್ಮ ಬೀದಿಯ ದೇವರುಗಳಿಗೆಲ್ಲ ಸ್ವಲ್ಪ ಮೆಳ್ಳೆಗಣ್ಣು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮರ್ಫಿ ಟೌನಿಗೆ ಹೊಸದಾಗಿ ಬಂದವರು ನಮ್ಮ ಗೋಡೆಯ ಮಾರಿಯಮ್ಮನಿಗೆ ಕೈ ಮುಗಿದರೆ, ಅವಳು ತಮ್ಮನ್ನು ನೋಡುತ್ತಿದ್ದಾಳೋ ಪಕ್ಕದವರನ್ನೋ ಗೊತ್ತಾಗದೆ, ಸ್ವಲ್ಪ ಸರಿದು ನಿಂತು ಇನ್ನೊಮ್ಮೆ ಮುಗಿಯುತ್ತಾರೆ. ಗಣಪತಿಯದೂ ಅದೇ ಕತೆ. ಬುದ್ಧ ಒಬ್ಬ ಬಚಾವಾದ. ಅವನ ಕಣ್ಣು ಅರ್ಧ ಮುಚ್ಚಿತ್ತು.

ಇದಕ್ಕೆಲ್ಲ ಕಾರಣ, ಹೋದ ವರ್ಷ ತೀರಿಕೊಂಡ ನಮ್ಮ ಆರ್ಟಿಸ್ಟ್ ಮುನಿಸ್ವಾಮಣ್ಣ. ಹಾಗೆಂದು ಅವರಿಗೆ ಕಣ್ಣು ಬರೆಯಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಅಂಗಡಿ ಬೋರ್ಡು, ನಾಟಕದ ಪರದೆ, ಶಾಲೆಯ ಗೋಡೆ, ಉತ್ಸವದ ಪಲ್ಲಕ್ಕಿಯ ಹಿಂದಿನ ಫಲಕ, ಎಲ್ಲವೂ ಅವರದೇ ಕೈ. ಭಾನುವಾರ ಬಂದರೆ ಸಂಘದ ಹಾಲಿನಲ್ಲಿ ಕೂತು ಬೀದಿಯ ಮಕ್ಕಳಿಗೆಲ್ಲ ಚಿತ್ರ ಕಲಿಸುತ್ತಿದ್ದರು. ಆದರೆ ಬೀದಿಗಾಗಿ ಬರೆದ ಯಾವ ಚಿತ್ರಕ್ಕೂ ಅವರು ತಾವಾಗಿ ಕಣ್ಣಿಡುತ್ತಿರಲಿಲ್ಲ. ಉಳಿದದ್ದೆಲ್ಲ ಮುಗಿಸಿ, ಕಣ್ಣಿನ ಜಾಗ ಖಾಲಿ ಬಿಟ್ಟು, ಹೂ ಮಾರುವವರು, ಆಟೋದವರು, ಸೊಸೈಟಿಯಲ್ಲಿ ಅಕ್ಕಿ ತರಲು ಹೊರಟವರು, ಯಾರು ಸಿಕ್ಕಿದರೂ ಕರೆದು ಕೈಗೆ ಕುಂಚ ಕೊಡುತ್ತಿದ್ದರು. ಹಿಡಿದವರ ಕೈ ನಡುಗುತ್ತಿತ್ತು. ಕಣ್ಣು ಎಲ್ಲಿಗೋ ಹೋಗುತ್ತಿತ್ತು. ಅಣ್ಣ ಅದನ್ನು ತಿದ್ದುತ್ತಲೂ ಇರಲಿಲ್ಲ.

ಶಿಲ್ಪಿಗಳೂ ವಿಗ್ರಹಕ್ಕೆ ಕಣ್ಣನ್ನು ಕೊನೆಗೇ ಬಿಡಿಸುತ್ತಾರಂತೆ. ಅದಕ್ಕೆ ಮುಹೂರ್ತ, ಮಂತ್ರ, ಚಿನ್ನದ ಸೂಜಿ ಎಲ್ಲ ಬೇಕಂತೆ. ನಮ್ಮಲ್ಲಿ ಚಿನ್ನದ ಸೂಜಿಯ ಬದಲು ಸವೆದ ಕುಂಚ, ಮಂತ್ರದ ಬದಲು ಬಾಷಾ ಭಾಯ್ ಅಂಗಡಿಯ ಟೀ. ಯಾಕಣ್ಣ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ.

"ಕಣ್ಣು ನಾನಿಟ್ರೆ ಅದು ನನ್ ಚಿತ್ರ ಆಗುತ್ತೆ ಕಣೋ. ನೀವಿಟ್ರೆ ನಿಮ್ದು. ನಿಮ್ದೇ ಆದ್ರೆ ಅದರ ಮೇಲೆ ಯಾರೂ ಉಗಿಯಲ್ಲ."

ನಿಜ. ಊರಿನ ಬೇರೆ ಗೋಡೆಗಳ ಮೇಲೆ ಎಚ್ಚರಿಕೆ ಬರೆದ ಜಾಗದಲ್ಲೇ ಎಲೆ ಅಡಿಕೆ ಉಗಿದಿರುತ್ತಾರೆ. ನಮ್ಮ ಗೋಡೆಗೆ ಇವತ್ತಿನವರೆಗೆ ಒಂದು ಪೋಸ್ಟರೂ ಅಂಟಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಲಿಂಗರಾಜಪುರದವರೆಗೆ ನನ್ನ ಗೇಟುಗಳಿವೆ. ಒಂದೂ ಕಿರುಗುಟ್ಟುವುದಿಲ್ಲ, ಕಿರುಗುಟ್ಟಿದರೆ ಅದು ಎಣ್ಣೆ ಹಾಕದ ಮನೆಯವರ ತಪ್ಪು. ಇಂಥ ನಾನು ಗಣಪತಿಯ ಚಪ್ಪರಕ್ಕೆಲ್ಲ ಕಬ್ಬಿಣ ಬೆಸೆದುಕೊಟ್ಟು, ಗಣಪತಿಯ ಕಣ್ಣು ನನಗೇ ಸಿಗುತ್ತದೆಂದು ಸ್ನಾನ ಮಾಡಿ ಹೋಗಿದ್ದೆ. ಸಿಕ್ಕಿದ್ದು ಇಲಿಯ ಕಣ್ಣು. ಆ ಇಲಿ ಇವತ್ತಿಗೂ ಎದುರಿಗಿರುವ ಲಡ್ಡು ಬಿಟ್ಟು ಟೀ ಅಂಗಡಿಯ ಕಡೆ ನೋಡುತ್ತದೆ.

ಅಣ್ಣ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ನಮ್ಮ ಯುವಕರ ಸಂಘ (ಎಲ್ಲರಿಗೂ ಮೊಮ್ಮಕ್ಕಳಿದ್ದಾರೆ) ಹಾಲಿನಲ್ಲಿ ಅವರ ಚಿತ್ರ ತೂಗುಹಾಕಲು ತೀರ್ಮಾನಿಸಿತು. ಬರೆದವಳು ಶಬಾನಾ. ಭಾನುವಾರದ ಪಾಠದಲ್ಲಿ ಕಲಿತು, ಈಗ ಇಂದಿರಾನಗರದ ಕಂಪನಿಯೊಂದರಲ್ಲಿ ಚಿತ್ರ ಮಾಡುವ ಕೆಲಸದಲ್ಲಿದ್ದಾಳೆ. ಫ್ರೇಮು ನನ್ನದು. ಮರದ್ದು ಸಾಕಾಗುತ್ತಿತ್ತು, ಆದರೆ ನನಗೆ ಬರುವುದು ಕಬ್ಬಿಣ. ಒಬ್ಬರಿಂದ ಎತ್ತಲಾಗುವುದಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಬೆಳಗ್ಗೆ ಅಣ್ಣನ ಹೆಂಡತಿ ಸರೋಜಕ್ಕ ಚಿತ್ರ ನೋಡಲು ಬಂದರು. ಮೂಗು, ಮೀಸೆ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು, ಎಲ್ಲ ಇತ್ತು. ಕಣ್ಣಿನ ಜಾಗ ಖಾಲಿ.

"ಅಣ್ಣನ ಪದ್ಧತಿ ಅಲ್ವಾ ಅಕ್ಕ? ಬೀದಿಯೋರು ಇಡ್ತೀವಿ," ಎಂದ ಸಂಘದ ಕಾರ್ಯದರ್ಶಿ ನಾಗರಾಜ.

ಅಕ್ಕನ ಮುಖ ಕಪ್ಪಿಟ್ಟಿತು. "ಬೇಡಪ್ಪ. ಮನೇಲಿ ಅವರದು ನೆಟ್ಟಗಿರೋ ಒಂದು ಫೋಟೊ ಇಲ್ಲ. ಆಧಾರ್ ಕಾರ್ಡಲ್ಲಿ ಕಳ್ಳನ ಥರ ಇದಾರೆ. ನನಗೆ ನೋಡೋಕೆ ಇರೋದು ಇದೊಂದೇ. ನಿಮ್ ಮೆಳ್ಳೆಗಣ್ಣು ದೇವರಿಗೆ ಸಾಕು, ನನ್ ಗಂಡಂಗೆ ಬೇಡ."

"ಪದ್ಧತಿ ಬಿಟ್ರೆ ಅಣ್ಣಂಗೆ ಮಾಡೋ ಮರ್ಯಾದೇನಾ ಅದು?" ಎಂದ ನಾಗರಾಜ.

ಬಾಷಾ ಭಾಯ್ ಟೀ ಲೋಟ ಕೆಳಗಿಟ್ಟರು. "ಅರೆ, ಅಕ್ಕ ಹೇಳೋದು ಸಹೀ ಹೈ. ನಿಮ್ ಕೈಗೆ ಕೊಟ್ರೆ ಆರ್ಟಿಸ್ಟ್ ಸಾಬ್‌ಗೆ ಒಂದು ಕಣ್ಣು ಹಲಸೂರು ಕೆರೆ, ಒಂದು ಕಣ್ಣು ಕಮರ್ಷಿಯಲ್ ಸ್ಟ್ರೀಟ್!"

ಅಕ್ಕ, ನಾಗರಾಜ ಇಬ್ಬರ ಮಾತೂ ಸರಿಯೆನಿಸಿ ನಾನು ನಡುವೆ ಬಾಯಿ ತೆರೆದೆ.

"ನೀನು ಸುಮ್ನಿರಪ್ಪ," ಎಂದರು ಅಕ್ಕ. "ನಿನ್ ಇಲಿ ನೋಡಿದೀನಿ."

ಶಬಾನಾ ಮೆಲ್ಲಗೆ ಕುಂಚ ತೆಗೆದುಕೊಂಡಳು. "ಆಂಟಿ, ನೀವು ಹೂಂ ಅಂದ್ರೆ ನಾನೇ ನೀಟಾಗಿ ಇಟ್ಬಿಡ್ತೀನಿ. ಸರ್ ಯಾವ ಕಡೆ ನೋಡ್ತಿರ್ಬೇಕು, ಹೇಳಿ."

ಸರೋಜಕ್ಕ ಹೇಳಲು ಹೋದರು. ಕೈಯಿಂದ ಗಾಳಿಯಲ್ಲಿ ಏನೋ ತೋರಿಸಿದರು. ಅದು ನಮಗೆ ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಸೆರಗು ಸಿಕ್ಕಿಸಿಕೊಂಡು, "ಕೊಡಮ್ಮ ಇಲ್ಲಿ," ಎಂದರು. ಅಣ್ಣ ಇದ್ದಾಗ ಕಣ್ಣಿಡಲು ಎಷ್ಟು ಕರೆದರೂ, ಒಲೆಯ ಮೇಲೆ ಅನ್ನ ಇದೆ ಎಂದು ತಪ್ಪಿಸಿಕೊಳ್ಳುತ್ತಿದ್ದವರು ಅವರು. ಅವರ ಕೈಯೂ ನಡುಗಿತು. ಎಡಗಣ್ಣು ಕೆಳಗೆ ಇಳಿಯಿತು. ಬಲಗಣ್ಣು ದೂರಕ್ಕೆ ಹೋಯಿತು.

ಶಬಾನಾ ಬಟ್ಟೆ ಹಿಡಿದು, "ಸರಿ ಮಾಡ್ಲಾ ಆಂಟಿ? ಇನ್ನೂ ಹಸಿ ಇದೆ," ಎಂದಳು.

ಅಕ್ಕ ಹಿಂದೆ ಸರಿದು ತುಂಬಾ ಹೊತ್ತು ನೋಡಿದರು. ಆಮೇಲೆ ನಕ್ಕರು.

"ಮುಟ್ಬೇಡ. ಊಟಕ್ಕೆ ಕೂತ್ರೆ ಹೀಗೇನೇ. ಒಂದು ಕಣ್ಣು ತಟ್ಟೇಲಿ, ಒಂದು ಕಣ್ಣು ಗೋಡೇಲಿ. ಸಾರಿಗೆ ಉಪ್ಪು ಮರ್ತಿದ್ರೂ ಗೊತ್ತಾಗ್ತಿರ್ಲಿಲ್ಲ ಈ ಮನುಷ್ಯಂಗೆ."

ಮರುದಿನ ಮುಖ್ಯ ಅತಿಥಿಗಳು ಭಾಷಣದ ನಡುವೆ ಚಿತ್ರದ ಕಡೆ ತಿರುಗಿದಾಗಲೆಲ್ಲ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಕಲೆ, ಸೇವೆ, ಸಮಾಜ ಎಂದೆಲ್ಲ ಚೆನ್ನಾಗಿಯೇ ಮಾತಾಡಿದರು. ನಾನು ಮುಂದಿನ ಸಾಲಿನಲ್ಲಿದ್ದ ಸರೋಜಕ್ಕನನ್ನೇ ನೋಡುತ್ತಿದ್ದೆ. ಭಾಷಣ ಅವರ ಕಿವಿಗೆ ಬಿದ್ದಂತಿರಲಿಲ್ಲ. ಹೊಟ್ಟೆ ತುಂಬ ಉಂಡವರ ಹಾಗೆ ಕೂತಿದ್ದರು. ಒಬ್ಬ ಮನುಷ್ಯನ ಚಿತ್ರ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಅವನಿಗೆ ಬಡಿಸಿದವರು ಎಂದು ನನಗೆ ಆಗ ಅನ್ನಿಸಿತು.

ಮನೆಗೆ ಬಂದು ಈ ದೊಡ್ಡ ಮಾತನ್ನು ಹೆಂಡತಿಗೆ ಹೇಳಿ, ನಾಳೆ ನನ್ನ ಚಿತ್ರ ಬರೆಸಿದರೆ ಅದು ಹೇಗಿರಬೇಕು ಎಂದು ಕೇಳಿದೆ. ಅವಳು ಯೋಚಿಸಲೂ ಇಲ್ಲ.

"ಬಾಯಿ ತೆರ್ದಿರ್ಬೇಕು. ಮುಚ್ಚಿದ್ರೆ ನೀವು ಅಂತ ಯಾರಿಗ್ರೀ ಗೊತ್ತಾಗುತ್ತೆ?"