ಬೆನ್ನ ಹಿಂದಿನ ಖಾಕಿ ಚೀಲ

ಚಿನ್ನದ ಗಣಿಯಲ್ಲಿ ಬಂಡೆ ಬಿದ್ದು ನಮ್ಮ ಯಜಮಾನರ ಕಾಲುಗಳ ಶಕ್ತಿ ಹೋದ ಮೇಲೆ, ಕೈಯಿಂದ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿ ಸಿಕ್ಕಿತು. ಎಂಬತ್ತರ ದಶಕದ ಮಾತು. ಗಾಡಿಯಲ್ಲಿ ಸಾಮಾನಿಡಲು ಜಾಗವೇ ಇರಲಿಲ್ಲ. ಅವರು ಇನ್ನು ಮುಂದೆ ತೊಡದ ಗಣಿಯ ಖಾಕಿ ಪ್ಯಾಂಟನ್ನು ಕತ್ತರಿಸಿ ನಾನೇ ಒಂದು ಚೀಲ ಹೊಲಿದೆ.

“ಮುಂದ್ಗಡೆ ಕಟ್ಟೇ, ಮೊಣಕಾಲತ್ರ. ಕೈಗೆ ಎಟುಕ್ತದೆ,” ಅಂದರು.

“ಕಾಲತ್ರ ದೇವ್ರ ಪಟ ಇಡಾಕಾಯ್ತದಾ? ಸುಮ್ಕಿರಿ.”

ಪಟ, ವಿಭೂತಿ ಪೊಟ್ಟಣ, ಉಸಿರು ಕಟ್ಟಿದಾಗ ನುಂಗುವ ಮಾತ್ರೆ, ಎಲ್ಲ ಅದೇ ಚೀಲಕ್ಕೆ ಹಾಕಿ ಸೀಟಿನ ಹಿಂದೆ, ಅವರ ತಲೆಯ ಮಟ್ಟಕ್ಕೆ ಬಿಗಿಯಾಗಿ ಕಟ್ಟಿದೆ. ಗಣಿಯ ಧೂಳು ಕುಡಿದ ಎದೆ ಅವರದು. ಮಾತ್ರೆಯಿಲ್ಲದೆ ಹೊರಡುವಂತಿರಲಿಲ್ಲ.

ಒಂದು ಬೆಳಿಗ್ಗೆ ಆಂಡರ್ಸನ್‌ಪೇಟೆಗೆ ಹೊರಟರು. ಊಟದ ಡಬ್ಬಿ ಒಲೆಯ ಪಕ್ಕದಲ್ಲೇ ಉಳಿದಿತ್ತು. ನನ್ನ ಮರೆವನ್ನು ಬೈದುಕೊಳ್ಳುತ್ತ ಹಿಂದೆಯೇ ಓಡಿದೆ. ಆ ಮರೆವಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಚಾಂಪಿಯನ್ ರೀಫ್ಸ್ ಗಣಿಯ ಹತ್ತಿರದ ಇಳಿಜಾರಿನ ನಡುವೆ ಗಾಡಿ ನಿಂತಿತ್ತು. ಅವರ ಎಡಗೈ ಬ್ರೇಕ್ ಹಿಡಿದಿತ್ತು. ಬಲಗೈ ಹಿಂದಕ್ಕೆ ತಿರುಚಿ ಚೀಲ ಹುಡುಕುತ್ತಿತ್ತು. ಬೆರಳುಗಳು ಅದರ ತಳವನ್ನಷ್ಟೇ ಸವರುತ್ತಿದ್ದವು. ಬ್ರೇಕ್ ಬಿಟ್ಟರೆ ಗಾಡಿ ನೇರ ಕೆಳಗಿನ ರಸ್ತೆಗೆ, ಲಾರಿಗಳ ನಡುವೆ. ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು.

“ಲೇ... ಚೀಲ...”

ಡಬ್ಬಿ ಎಲ್ಲಿ ಬಿತ್ತೋ. ಚಕ್ರಕ್ಕೆ ಕಲ್ಲು ಕೊಟ್ಟು ಚೀಲಕ್ಕೆ ಕೈ ಹಾಕಿದೆ. ವಿಭೂತಿ ಸಿಕ್ಕಿತು. ಪಟ ಸಿಕ್ಕಿತು. ದೇವಸ್ಥಾನದ ಒಣಗಿದ ಹೂ ಸಿಕ್ಕಿತು. ಮಾತ್ರೆ ಸಿಗಲಿಲ್ಲ. ಅವರ ತುಟಿ ನೀಲಿಗಟ್ಟುತ್ತಿತ್ತು. ಕೊನೆಗೆ ಚೀಲ ಬಿಚ್ಚಿ ಎಲ್ಲವನ್ನೂ ರಸ್ತೆಗೇ ಸುರಿದೆ. ದೇವರ ಪಟ ಮಣ್ಣಿಗೆ ಮುಖ ಮಾಡಿ ಬಿತ್ತು. ಅದರ ಪಕ್ಕದಲ್ಲೇ ಮಾತ್ರೆ.

ನೀರಿಲ್ಲದೆ ಅಗಿದು ನುಂಗಿದರು. ಉಸಿರು ಹದಕ್ಕೆ ಬರುವವರೆಗೂ ನಾನು ಗಾಡಿಯನ್ನು ಬಿಡಲಿಲ್ಲ. ಆಮೇಲೆ ಮಣ್ಣಿನಲ್ಲಿದ್ದ ಪಟವನ್ನು ನೋಡಿ ಅವರು, “ನೋಡೇ, ಅವ್ನೇ ಕೆಳಗಿಳ್ದು ಬಂದ. ನಾನ್ ಹೇಳಿದ್ರೆ ನೀನ್ ಕೇಳ್ಳಿಲ್ಲ,” ಅಂದರು.

“ಬಾಯ್ ಮುಚ್ಕೊಂಡು ಉಸಿರಾಡಿ,” ಅಂದೆ. ಬಿದ್ದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದೆ.

ಮನೆಗೆ ಬಂದವಳೇ ಚೀಲವನ್ನು ಸೀಟಿನ ಮುಂದೆ, ಅವರ ಮೊಣಕಾಲಿನ ಹತ್ತಿರವೇ ಕಟ್ಟಿದೆ. ಮಾತ್ರೆಗೆ ಹೊರಗಡೆ ಬೇರೆ ಜೇಬು ಹೊಲಿದು ಗುಂಡಿ ಹಾಕಿದೆ. ಪಟವನ್ನು ಒರೆಸಿ, ಕಣ್ಣಿಗೊತ್ತಿಕೊಂಡು, ಒಳಗಿಟ್ಟೆ. ಕಾಲ ಬಳಿ ಕೂರಿಸಿದ್ದಕ್ಕೆ ದೇವರು ಕೋಪಿಸಿಕೊಳ್ಳಲಿಲ್ಲ. ಗಾಡಿ ದಿನಾ ಸಂಜೆ ಮನೆಗೆ ಬರುತ್ತಿತ್ತು.