ಎದುರಿನಿಂದ ನೋಡದಿದ್ದ ನಾಟಕ

ಮೂವತ್ತು ವರ್ಷ ನಾಟಕದ ಜೊತೆಗಿದ್ದೂ ಒಂದೇ ಒಂದು ನಾಟಕವನ್ನೂ ಎದುರಿನಿಂದ ನೋಡಿದವನಲ್ಲ ನಾನು. ನಮ್ಮ ಕಾರ್ಖಾನೆಯ ಹವ್ಯಾಸಿ ತಂಡದಲ್ಲಿ ನನ್ನದು ಪ್ರಾಂಪ್ಟರ್ ಕೆಲಸ. ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು, ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಸಣ್ಣ ಟಾರ್ಚು ಹಿಡಿದು, ನಟರು ಮರೆತ ಮಾತನ್ನು ಎತ್ತಿಕೊಡುವುದು. ನನಗೆ ಕಂಡದ್ದೆಲ್ಲ ರಾಜರ ಬೆನ್ನು, ರಾಣಿಯರ ಒಂದು ಕಿವಿ, ಕಿರೀಟ ಬಿಗಿದ ದಾರದ ಗಂಟು.

ಹೋದ ವರ್ಷ ಮೂಡಲಪಾಳ್ಯದ ನಮ್ಮ ಬೀದಿಯ ತುದಿಯಲ್ಲಿ ದಂಟಿನ ಸೊಪ್ಪು ಆರಿಸುತ್ತಿದ್ದಾಗ ಎದೆಯ ಮೇಲೆ ಯಾರೋ ಮಣೆ ಹಾಕಿಕೊಂಡು ಕೂತ ಹಾಗಾಯಿತು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಬಂದ ಐದನೆಯ ದಿನ ಹಳೆಯ ಗೆಳೆಯ ನಮ್ಮ ತಂಡದ ನಾಟಕಕ್ಕೆ ಮೊದಲ ಸಾಲಿನ ಎರಡು ಟಿಕೆಟ್ ಹಿಡಿದು ಬಂದ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಲೇತ್ ಯಂತ್ರ ಅವನದು. ನಾಟಕದಲ್ಲಿ ಮಾತ್ರ ಯಾವಾಗಲೂ ರಾಜ.

"ಈ ಸಲ ನೀನು ಒಳಗೆ ಬರಂಗಿಲ್ಲ ಕಣಯ್ಯಾ. ರಾಜಾಜ್ಞೆ! ಮುಂದೆ ಕೂತ್ಕೊಂಡು ನನ್ನ ಮುಖ ನೋಡು."

"ನಿನ್ನ ಮುಖ ನೋಡಿ ನೋಡೀನೇ ನಂಗೆ ಎದೆ ನೋವು ಬಂದಿದ್ದು."

"ರೀ, ಜೋರಾಗಿ ನಗ್ಬೇಡಿ," ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ.

"ಅದ್ಸರಿ, ಮಾತು ಎತ್ತಿಕೊಡೋರು ಯಾರು?" ಎಂದೆ.

"ಯಾರೂ ಇಲ್ಲ. ಎಲ್ಲಾ ಬಾಯಿಪಾಠ," ಎಂದು ಅವನು ಎದ್ದೇಬಿಟ್ಟ.

"ಡಾಕ್ಟ್ರು ಹೂಂ ಅಂದ್ರೆ ಹೋಗೋದು," ಎಂದು ಹೆಂಡತಿ ಟಿಕೆಟ್ಟುಗಳನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗೆ ಇಟ್ಟಳು.

ನಾಟಕಕ್ಕೆ ಇನ್ನೂ ಎರಡು ವಾರವಿತ್ತು. ದಿನಕ್ಕೆ ಹತ್ತು ಸಲ ಗೋಡೆ ಗಡಿಯಾರ ನೋಡುತ್ತಾ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ. ಎದೆಯಲ್ಲಿ ಏನೋ ಚುಳುಕ್ ಎಂದರೆ ಇದು ಗ್ಯಾಸೋ, ಅದೋ? ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದು ನನಗೆ ಇದೆಯೋ ಇಲ್ಲವೋ? ಇದರ ಮೇಲೆ ರಾಜನ ಚಿಂತೆ ಬೇರೆ. ಈ ನಾಟಕವನ್ನು ಎಂಟು ಸಲ ಆಡಿದ್ದೇವೆ. ಮೂರನೆಯ ದೃಶ್ಯದಲ್ಲಿ ಮಗ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ. "ಇನ್ನು ಈ ಸಿಂಹಾಸನ ಯಾರಿಗಾಗಿ?" ಎನ್ನಬೇಕು ರಾಜ. ಎಂಟಕ್ಕೆ ಎಂಟು ಸಲವೂ ಅವನು ಅಲ್ಲಿ ಮರೆತಿದ್ದಾನೆ, ನಾನು ಎತ್ತಿಕೊಟ್ಟಿದ್ದೇನೆ.

ನಾಟಕದ ವಾರ, ಸೋಮವಾರ ಮಧ್ಯಾಹ್ನ. ಕರೆಂಟು ಹೋಗಿತ್ತು. ದಿವಾನದ ಮೇಲೆ ಕಣ್ಣು ಮುಚ್ಚಿ ಮಲಗಿದ್ದವನಿಗೆ ಮೂರನೆಯ ದೃಶ್ಯ ತಾನಾಗಿ ಶುರುವಾಯಿತು. ಪ್ರಾಂಪ್ಟರ್ ಗಂಟಲಿನಿಂದ ಮಾತಾಡುವುದಿಲ್ಲ. ಹೊಟ್ಟೆಯಿಂದ ಉಸಿರು ದೂಡಿ, ತುಟಿಯಲ್ಲೇ ಮಾತು ಕಟ್ಟಿ ಕಳಿಸಬೇಕು. ನಟನಿಗೆ ಕೇಳಬೇಕು, ಮೊದಲ ಸಾಲಿಗೆ ಕೇಳಬಾರದು. ನಾನು ಹಾಗೆ ದೂಡುತ್ತಿದ್ದೆ. ನಿಲ್ಲಿಸುವುದು, ಕಾಯುವುದು, ಮತ್ತೆ ಗಡಿಬಿಡಿಯಿಂದ ದೂಡುವುದು.

ರಾಗಿ ಗಂಜಿ ತಂದ ಹೆಂಡತಿಗೆ ಕಂಡದ್ದು ಬೆವೆತ ಹಣೆ, ಅದುರುವ ತುಟಿ, ಏದುಸಿರು. ಲೋಟ ಅಲ್ಲೇ ಕುಕ್ಕಿ, ನನ್ನ ಬಾಯಿ ಬಿಡಿಸಿ ನಾಲಿಗೆಯ ಕೆಳಗೆ ಎದೆನೋವಿನ ಮಾತ್ರೆ ತುರುಕಿದಳು. ನಾನು ಬೆಚ್ಚಿ ಎದ್ದು, ಮಾತ್ರೆ ಉಗುಳುವ ಹಾಗಿಲ್ಲದೆ, ಅಲ್ಲ ಅಲ್ಲ ಎಂದು ಕೈ ಆಡಿಸಿದೆ. "ಅಯ್ಯೋ, ಮಾತೇ ನಿಂತೋಯ್ತು!" ಎಂದು ಅವಳು ಬೀದಿಗೇ ಓಡಿದಳು.

ಆಟೋದಲ್ಲಿ ವಿಜಯನಗರದ ಆಸ್ಪತ್ರೆಯ ಕಡೆಗೆ ಹೊರಟೆವು. "ಆಂಟಿ, ಗಾಬ್ರಿ ಆಗ್ಬೇಡಿ, ಐದೇ ನಿಮಿಷ," ಎನ್ನುತ್ತಾ ಡ್ರೈವರು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಮಾತ್ರೆ ಕರಗಿದ ಮೇಲೆ ನಿಜ ಹೇಳಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ನನಗೂ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಗಿತ್ತು. ಇದು ಅವಳ ಗಾಬರಿ ನನಗೆ ಅಂಟಿದ್ದೋ, ನಿಜವಾಗಿಯೂ ಮತ್ತೆ ಬಂದದ್ದೋ, ನನಗೇ ಗೊತ್ತಾಗಲಿಲ್ಲ. ಅವಳ ಕೈ ಹಿಡಿದು ಕೂತೆ. ಕುಂಕುಮದ ಭರಣಿಯ ಕೆಳಗಿನ ಟಿಕೆಟ್ಟುಗಳು ಕಣ್ಣ ಮುಂದೆ ಬಂದವು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇಸಿಜಿ ಹಾಳೆಯನ್ನು ಎರಡು ಸಲ ನೋಡಿದರು.

"ಇದರಲ್ಲಿ ಏನೂ ತೊಂದ್ರೆ ಕಾಣ್ತಿಲ್ವಲ್ಲ. ಏನ್ ಮಾಡ್ತಿದ್ರಿ ಅಂಕಲ್ ಆಗ?"

"ರಾಜಂಗೆ ಮಾತು ಎತ್ತಿಕೊಡ್ತಿದ್ದೆ."

ಆಕೆ ನನ್ನ ಹೆಂಡತಿಯನ್ನು ನೋಡಿ, ಜೇಬಿನಿಂದ ಟಾರ್ಚು ತೆಗೆದು ನನ್ನ ಕಣ್ಣಿಗೆ ಬಿಟ್ಟರು. "ಇವತ್ತು ಯಾವ ವಾರ, ಹೇಳಿ ನೋಡೋಣ?"

ವಾರ ಹೇಳಿದೆ, ನಾಟಕದ ಕಥೆಯನ್ನೂ ಪೂರ್ತಿ ಹೇಳಿದೆ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಅಲುಗುತ್ತಿತ್ತು. ನಾನು ಭಾನುವಾರದ ನಾಟಕಕ್ಕೆ ಹೋಗುವ ಮಾತು ತೆಗೆದೆ.

ಡಾಕ್ಟರಮ್ಮ ಇನ್ನೂ ಒಂದು ಗಂಟೆ ಮಲಗಿಸಿ, ಇನ್ನೊಂದು ಇಸಿಜಿ ತೆಗೆಸಿ, ಆಮೇಲೆ ಹೇಳಿದರು: "ಹೋಗ್ಬನ್ನಿ. ಮೆಟ್ಟಿಲು ನಿಧಾನ. ಆದ್ರೆ ಈ ಎತ್ತಿಕೊಡೋದೆಲ್ಲ ಬೇಡ. ಬಾಯಿ ಮುಚ್ಕೊಂಡು ನೋಡ್ಬೇಕು."

"ಅದು ನನಗೆ ಬಿಡಿ ಡಾಕ್ಟ್ರೇ," ಎಂದಳು ನನ್ನವಳು.

ಭಾನುವಾರ ಸಂಜೆ ರಾಜಾಜಿನಗರದಲ್ಲಿ ನಮ್ಮ ತಂಡ ಯಾವಾಗಲೂ ಆಡುವ ಸಭಾಂಗಣಕ್ಕೆ ಒಂದು ಗಂಟೆ ಮುಂಚೆಯೇ ತಲುಪಿದೆವು. ಅವಳ ಚೀಲದಲ್ಲಿ ಮಾತ್ರೆ, ಆಸ್ಪತ್ರೆಯ ಫೈಲು, ಬಿಸಿನೀರಿನ ಫ್ಲಾಸ್ಕು. ಒಳಗಿನಿಂದ ತೇಪೆಯ ಲೆಕ್ಕದ ಸಮೇತ ನನಗೆ ಗೊತ್ತಿದ್ದ ಆ ಬೂದು ಪರದೆ ಎದುರಿನಿಂದ ಕೆಂಪು ಮಖಮಲ್ಲಾಗಿತ್ತು. ನಾಟಕ ಶುರುವಾಗುವ ಮೂರನೆಯ ಗಂಟೆ ಹೊಡೆದಾಗ ಗೊತ್ತಿಲ್ಲದೆ ನನ್ನ ಬೆರಳು ನಾಡಿಯ ಮೇಲಿತ್ತು.

ಮೂರನೆಯ ದೃಶ್ಯ ಬಂತು. ದೂತ ಸುದ್ದಿ ಹೇಳಿದ. ರಾಜ ಬಾಯಿ ತೆರೆದ, ನಿಂತುಬಿಟ್ಟ. ಮರೆತಿದ್ದ. ನನ್ನ ಹೊಟ್ಟೆ ಒಳಕ್ಕೆ ಸೆಳೆಯಿತು, ಮಾತು ತುಟಿಗೆ ಬಂತು. ಹೆಂಡತಿಯ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು.

ಎಂಟು ಸಲವೂ ಈ ಜಾಗದಲ್ಲಿ ನನಗೆ ಕಂಡದ್ದು ಅವನ ಬೆನ್ನು. ಈಗ ಮುಖ ಕಂಡಿತು. ಮರೆತ ಮಾತಿಗಾಗಿ ಅವನ ಕಣ್ಣು ಬಾಗಿಲ ಕಡೆ, ದೀಪದ ಕಡೆ, ನಮ್ಮೆಲ್ಲರ ಮುಖಗಳ ಮೇಲೆ ಅಲೆಯುತ್ತಿತ್ತು. ಸತ್ತ ಮಗ ಈ ಗುಂಪಿನಲ್ಲೇ ಎಲ್ಲೋ ಕೂತಿರಬಹುದೇನೋ ಎಂದು ಹುಡುಕುವ ಹಾಗೆ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು "ಪಾಪ" ಎಂದಳು. ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ರಾಜ ಆ ಮಾತು ಆಡಲೇ ಇಲ್ಲ. ಕಿರೀಟ ತೆಗೆದು, ಸಿಂಹಾಸನದ ಮೇಲಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕೂತ.

ಈ ಮೌನವನ್ನೇ ಎಂಟು ಸಲ ಮಾತು ತುಂಬಿ ಮುಚ್ಚಿದ್ದೆನಲ್ಲ ಎಂದುಕೊಂಡೆ.

"ರೀ," ಎಂದಳು ಹೆಂಡತಿ ಕಿವಿಯ ಹತ್ತಿರ, ನಾನು ಪರದೆಯ ಮರೆಯಿಂದ ಎತ್ತಿಕೊಡುತ್ತಿದ್ದ ಹಾಗೆಯೇ, ಬರೀ ತುಟಿಯಲ್ಲಿ. "ಉಸಿರು ಬಿಡಿ."

ಬಿಟ್ಟೆ.